ಮುಚ್ಚಿದ ಜಾಲತಾಣ, ಮುಚ್ಚಿಟ್ಟ ವರದಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಮ್ಮ ಬಳಗ ಏರ್ಪಡಿಸಿದ್ದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



‘ಅಂತರ್ಜಾಲ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ’ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಬಳಗದ ಗೆಳೆಯರು ಕೇಳಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಒಂದು ಪ್ರಶ್ನೆ. ಕಾನು, ಹೊಳೆ, ಸೊಪ್ಪಿನ ಬೆಟ್ಟ, ಅಡಿಕೆಯ ಕೊಳೆರೋಗ ಇವುಗಳ ಬಗ್ಗೆ ಚರ್ಚಿಸುವ ನಮ್ಮ ಸಭೆಗೆ ಈ ವಿಷಯವೇಕೆ? ನಮ್ಮಲ್ಲಿ ಎಷ್ಟೋ ಊರುಗಳಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಮಲಗುತ್ತದೆ. ಇಲ್ಲದ ಜಾಲದ ಮೇಲೆ ನಿರ್ಬಂಧವೇನು, ಸ್ವಾತಂತ್ರ್ಯವೇನು ಎಂದು ಇಲ್ಲಿ ಕುಳಿತ ಹಿರಿಯರೊಬ್ಬರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಅದಕ್ಕೆ ನನ್ನ ಉತ್ತರ ಇಷ್ಟು. ನಮ್ಮ ಕಣಿವೆಗೆ ಯಾವ ಯೋಜನೆ ಬರಲಿದೆ ಎಂಬ ಸುದ್ದಿ ಇಂದು ಪಂಚಾಯಿತಿಯ ನೋಟೀಸು ಹಲಗೆಗಿಂತ ಮೊದಲು ಸರ್ಕಾರದ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಕರಡು ಅಧಿಸೂಚನೆಗಳು ಅಲ್ಲಿವೆ. ನೂರಾರು ಪುಟಗಳ ಪರಿಸರ ಪರಿಣಾಮ ಅಧ್ಯಯನ ವರದಿಗಳು ಅಲ್ಲಿವೆ. ಆಕ್ಷೇಪಣೆಯನ್ನೂ ಇ-ಮೇಲ್ ಮೂಲಕ ಕಳುಹಿಸಿ ಎಂದು ಹೇಳಲಾಗುತ್ತದೆ. ಆದ್ದರಿಂದ ಆ ಬಾಗಿಲನ್ನು ತೆರೆಯುವವರು ಯಾರು, ಮುಚ್ಚುವವರು ಯಾರು, ಮುಚ್ಚಿದಾಗ ಕಾರಣ ಹೇಳುತ್ತಾರೆಯೇ ಎಂಬುದು ಹೊಳೆಯ ಪ್ರಶ್ನೆಯೂ ಹೌದು, ಕಾಡಿನ ಪ್ರಶ್ನೆಯೂ ಹೌದು.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನ ಮರಗಳನ್ನು ಅಪ್ಪಿ ನಿಂತಾಗ ಸುದ್ದಿ ಕಾಲ್ನಡಿಗೆಯಲ್ಲಿ ಹೋಯಿತು, ಕರಪತ್ರದಲ್ಲಿ ಹೋಯಿತು, ಪತ್ರಿಕೆಗಳಲ್ಲಿ ಹೋಯಿತು. ಆ ಹಾದಿಗಳನ್ನೆಲ್ಲ ಒಂದೇ ಆದೇಶದಿಂದ ಮುಚ್ಚುವುದು ಯಾರಿಗೂ ಸಾಧ್ಯವಿರಲಿಲ್ಲ. ಇಂದು ನಮ್ಮ ಸುದ್ದಿಯೆಲ್ಲ ಒಂದೇ ತಂತಿಯ ಮೇಲೆ ಹರಿಯುತ್ತಿದೆ. ತಂತಿ ವೇಗವಾಗಿದೆ, ನಿಜ. ಆದರೆ ಅದರ ಕೀಲಿ ನಮ್ಮ ಕೈಯಲ್ಲಿಲ್ಲ.

2020ರ ಜುಲೈ ತಿಂಗಳು

ಆ ಕೀಲಿ ಹೇಗೆ ತಿರುಗುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ನೀಡುವ ಕ್ರಮವನ್ನು 2006ರ ಸೆಪ್ಟೆಂಬರ್ 14ರ ಅಧಿಸೂಚನೆ ನಿಗದಿಪಡಿಸಿದೆ. ಅದರ ಬದಲಿಗೆ ಹೊಸದೊಂದನ್ನು ತರಲು ಕೇಂದ್ರ ಪರಿಸರ ಸಚಿವಾಲಯ 2020ರ ಮಾರ್ಚ್‌ನಲ್ಲಿ ಕರಡು ಸಿದ್ಧಪಡಿಸಿತು. ಏಪ್ರಿಲ್ 11ರಂದು ಅದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ದೇಶವೆಲ್ಲ ಕೊರೋನಾ ದಿಗ್ಬಂಧನದಲ್ಲಿ ಬಾಗಿಲು ಹಾಕಿಕೊಂಡಿದ್ದ ಕಾಲವದು. ಆ ಕರಡಿನಲ್ಲಿ ಏನಿತ್ತು? ಸಾರ್ವಜನಿಕರ ಅಹವಾಲಿಗೆ ನೀಡುವ ಕನಿಷ್ಠ ಅವಧಿಯನ್ನು 30 ದಿನಗಳಿಂದ 20ಕ್ಕೆ ಇಳಿಸುವ ಪ್ರಸ್ತಾವವಿತ್ತು. ಅನುಮತಿಯಿಲ್ಲದೆ ಕೆಲಸ ಆರಂಭಿಸಿದವರಿಗೆ ಅನಂತರ ಅನುಮತಿ ಕೊಡುವ ದಾರಿಯಿತ್ತು. ನಿಯಮ ಉಲ್ಲಂಘನೆಯಾಗಿದೆ ಎಂದು ಸರ್ಕಾರಿ ಪ್ರಾಧಿಕಾರ ವರದಿ ಮಾಡಬಹುದಿತ್ತು, ಯೋಜನೆಯ ಮಾಲೀಕನೇ ತಿಳಿಸಬಹುದಿತ್ತು. ಆದರೆ ಹೊಳೆಯ ದಡದಲ್ಲಿ ನಿಂತು ಕಣ್ಣಾರೆ ಕಂಡ ಗ್ರಾಮಸ್ಥನಿಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ.

ಸಭೆ ಸೇರುವಂತಿಲ್ಲ, ಮೆರವಣಿಗೆ ಮಾಡುವಂತಿಲ್ಲ. ಉಳಿದಿದ್ದ ಒಂದೇ ದಾರಿ ಅಂತರ್ಜಾಲ. ಯುವಕ ಯುವತಿಯರು ನಡೆಸುತ್ತಿದ್ದ ಕೆಲವು ಜಾಲತಾಣಗಳು ಕರಡಿನ ಸಾರವನ್ನು ಜನರಿಗೆ ತಿಳಿಯುವಂತೆ ಬರೆದವು. ಆಕ್ಷೇಪಣೆಯನ್ನು ಸಚಿವಾಲಯಕ್ಕೆ ಕಳುಹಿಸುವ ಸುಲಭ ವಿಧಾನವನ್ನು ಒದಗಿಸಿದವು. ಲಕ್ಷಗಟ್ಟಲೆ ಪತ್ರಗಳು ಹೋದವು. ಆ ವೇಳೆಗೆ ಲೆಟ್ ಇಂಡಿಯಾ ಬ್ರೀದ್, ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ, ದೇರ್ ಈಸ್ ನೋ ಅರ್ತ್ ಬಿ ಎಂಬ ಮೂರು ಜಾಲತಾಣಗಳು ಓದುಗರಿಗೆ ದೊರೆಯದಂತಾದವು. ಅವುಗಳಲ್ಲೊಂದಕ್ಕೆ ಸಂಬಂಧಿಸಿದಂತೆ ದೆಹಲಿ ಪೊಲೀಸರು ನೀಡಿದ ನೋಟೀಸಿನಲ್ಲಿ ಭಯೋತ್ಪಾದನೆಯನ್ನು ತಡೆಯಲು ಇರುವ ಯುಎಪಿಎ ಕಾಯಿದೆಯ ಹೆಸರೂ ಇತ್ತು. ಸಚಿವರ ಅಂಚೆಪೆಟ್ಟಿಗೆ ಇ-ಮೇಲ್‌ಗಳಿಂದ ತುಂಬಿಹೋಯಿತೆಂಬ ದೂರು ಅದಕ್ಕೆ ಮೂಲ. ವಿಷಯ ಬಹಿರಂಗವಾದ ಮೇಲೆ ಆ ಕಾಯಿದೆಯ ಉಲ್ಲೇಖ ಕಣ್ತಪ್ಪಿನಿಂದ ಆದದ್ದು ಎಂದು ಪೊಲೀಸರು ಹೇಳಿ ನೋಟೀಸನ್ನು ಹಿಂದಕ್ಕೆ ಪಡೆದರು. ಜಾಲತಾಣಗಳು ಮತ್ತೆ ತೆರೆದವು.

‘ತೆರೆಯಿತಲ್ಲ, ಇನ್ನೇನು’ ಎನ್ನಬೇಡಿ. ಆಕ್ಷೇಪಣೆ ಸಲ್ಲಿಸಲು ಗಡುವು ಇದ್ದದ್ದೇ ಕೆಲವು ವಾರ. ಆ ವಾರಗಳಲ್ಲೇ ಬಾಗಿಲು ಮುಚ್ಚಿದ್ದರೆ, ಗಡುವು ಮುಗಿದ ಮೇಲೆ ತೆರೆದು ಪ್ರಯೋಜನವೇನು? ಭತ್ತದ ಸಸಿ ಒಣಗಿದ ಮೇಲೆ ಕಾಲುವೆಗೆ ನೀರು ಬಿಟ್ಟಂತೆ. ಸರ್ಕಾರವೇ ಜನರ ಅಭಿಪ್ರಾಯ ಕೇಳಿತ್ತು. ಕೇಳಿದ್ದಕ್ಕೆ ಉತ್ತರಿಸಿದವರ ಮೇಲೆ, ಉತ್ತರ ಹೆಚ್ಚಾಯಿತೆಂಬ ದೂರು ಬಂತು.

ಇದೇ ಕಥೆಗೆ ಇನ್ನೊಂದು ಮುಖವಿದೆ. ಕರಡು ಪ್ರಕಟವಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. 2020ರ ಜೂನ್ 30ರಂದು ದೆಹಲಿ ಹೈಕೋರ್ಟು ಅದನ್ನು ಸಂವಿಧಾನದ 8ನೆಯ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸುವಂತೆ ಸೂಚಿಸಿ, ಆಕ್ಷೇಪಣೆಯ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಬೆಂಗಳೂರಿನ ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ ನಮ್ಮ ಕರ್ನಾಟಕ ಹೈಕೋರ್ಟು, ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ಆಗಿಲ್ಲವೆಂಬ ಕಾರಣದಿಂದ, ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟ್ 5ರಂದು ಮಧ್ಯಂತರ ಆದೇಶ ನೀಡಿತು. ಆ ಕರಡು ಆ ರೂಪದಲ್ಲಿ ಅಂತಿಮವಾಗಲಿಲ್ಲ. ಓದಲಾಗದ ಭಾಷೆಯಲ್ಲಿ ಇಟ್ಟ ಕಾಗದ ಮುಚ್ಚಿಟ್ಟ ಕಾಗದಕ್ಕೆ ಸಮ ಎಂಬುದನ್ನು ನ್ಯಾಯಾಲಯ ಒಪ್ಪಿದ ಸಂದರ್ಭವಿದು. ನಮ್ಮ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಕಾನೂನು ಏನು ಹೇಳುತ್ತದೆ?

ವಿದ್ಯಾರ್ಥಿಗಳು ಇದನ್ನು ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಸಂವಿಧಾನದ 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದಕ್ಕೆ ಮಿತಿಗಳಿವೆ, ಆ ಮಿತಿಗಳನ್ನು 19(2) ವಿಧಿ ಪಟ್ಟಿ ಮಾಡಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ ಮುಂತಾದವು ಅಲ್ಲಿವೆ. ‘ಅಧಿಕಾರಿಗೆ ಕಿರಿಕಿರಿ’ ಎಂಬುದು ಆ ಪಟ್ಟಿಯಲ್ಲಿಲ್ಲ.

ಆದರೆ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿಸಿದ 66ಎ ಎಂಬ ಕಲಮಿನಲ್ಲಿ ಹೆಚ್ಚುಕಡಿಮೆ ಅದೇ ಇತ್ತು. ಕಿರಿಕಿರಿ, ಅನನುಕೂಲ ಉಂಟುಮಾಡುವ ಸಂದೇಶಕ್ಕೆ ಮೂರು ವರ್ಷದವರೆಗೆ ಸೆರೆವಾಸ! 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆಯವರ ನಿಧನದ ನಂತರ ಮುಂಬಯಿ ಬಂದ್ ಆದದ್ದನ್ನು ಪ್ರಶ್ನಿಸಿ ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಮೆಚ್ಚುಗೆ ಒತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು. ಇದನ್ನು ಕಂಡು ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿ ಚಲಮೇಶ್ವರ್ ಮತ್ತು ನ್ಯಾಯಮೂರ್ತಿ ನಾರಿಮನ್ ಅವರ ಪೀಠ 66ಎ ಕಲಮನ್ನು ರದ್ದುಗೊಳಿಸಿತು.

ಆ ತೀರ್ಪು ಹಾಕಿಕೊಟ್ಟ ಒಂದು ಭೇದ ನಮಗೆ ಬಹಳ ಮುಖ್ಯ. ಒಂದು ವಿಷಯವನ್ನು ಚರ್ಚಿಸುವುದು ಬೇರೆ. ಅದರ ಪರವಾಗಿ ವಾದಿಸುವುದು ಬೇರೆ. ಹಿಂಸೆಗೆ ಪ್ರಚೋದಿಸುವುದು ಬೇರೆ. ಮೊದಲೆರಡು ಎಷ್ಟೇ ಅಪ್ರಿಯವಾಗಿದ್ದರೂ ಸ್ವಾತಂತ್ರ್ಯದ ಒಳಗೇ ಇವೆ. ಮೂರನೆಯದನ್ನು ಮುಟ್ಟಿದಾಗ ಮಾತ್ರ ಕಾನೂನಿನ ಕೈ ಚಾಚಬಹುದು. ‘ಈ ಅಣೆಕಟ್ಟು ಬೇಡ’ ಎಂದು ಬರೆಯುವುದು, ‘ಬೇಡ ಎನ್ನಲು ಎಲ್ಲರೂ ಬನ್ನಿ’ ಎಂದು ಕರೆಯುವುದು ಎರಡೂ ನಿಮ್ಮ ಹಕ್ಕು. ಸರ್ವೆಗೆ ಬಂದವರನ್ನು ಹೊಡೆಯಿರಿ ಎಂದು ಬರೆದರೆ ಆ ಹಕ್ಕು ಅಲ್ಲಿಗೆ ಮುಗಿಯಿತು.

ರದ್ದಾದ ಕಲಮಿನಡಿ ಅನೇಕ ಠಾಣೆಗಳಲ್ಲಿ ಪ್ರಕರಣ ದಾಖಲಿಸುವುದು ನಿಲ್ಲಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಆಘಾತ ವ್ಯಕ್ತಪಡಿಸಿತು. 2022ರ ಅಕ್ಟೋಬರ್‌ನಲ್ಲಿ 66ಎ ಅಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಕೂಡದೆಂದು ಮತ್ತೆ ಆದೇಶಿಸಬೇಕಾಯಿತು. ತೀರ್ಪು ದೆಹಲಿಯಿಂದ ತಾಲ್ಲೂಕಿಗೆ ಬರಲು ಇಷ್ಟು ವರ್ಷ ಹಿಡಿಯುತ್ತದೆಂದಾದರೆ, ಅದನ್ನು ಹೊತ್ತು ತರುವ ಕೆಲಸ ನಮ್ಮದೂ ಆಗಬೇಕು.

ಅದೇ ತೀರ್ಪು 69ಎ ಎಂಬ ಇನ್ನೊಂದು ಕಲಮನ್ನು ಎತ್ತಿಹಿಡಿಯಿತು. ಜಾಲತಾಣಗಳನ್ನು ಮುಚ್ಚಿಸಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುವ ಕಲಮು ಇದೇ. ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು, ಸಮಿತಿ ಪರಿಶೀಲಿಸಬೇಕು, ಬರೆದವನಿಗೋ ಪ್ರಕಟಿಸಿದ ಸಂಸ್ಥೆಗೋ ನೋಟೀಸು ಕೊಡಬೇಕು ಎಂಬ ರಕ್ಷಣೆಗಳಿವೆ ಎಂಬ ಆಧಾರದ ಮೇಲೆ ನ್ಯಾಯಾಲಯ ಅದನ್ನು ಒಪ್ಪಿತು. ಆದರೆ 2009ರ ನಿಯಮಗಳಲ್ಲಿ 16ನೆಯದು ಇಡೀ ವ್ಯವಹಾರವನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ಕಾರಣ ಬರೆದಿದ್ದಾರೆ, ಆದರೆ ತೋರಿಸುವುದಿಲ್ಲ! ತೋರಿಸದ ಕಾರಣವನ್ನು ಪ್ರಶ್ನಿಸುವುದು ಹೇಗೆ?

ಇದಲ್ಲದೆ 79ನೆಯ ಕಲಮಿನ ದಾರಿಯೊಂದಿದೆ. ಕಾನೂನುಬಾಹಿರ ಬರಹವನ್ನು ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಫೇಸ್‌ಬುಕ್, ಯೂಟ್ಯೂಬ್‌ನಂಥ ಕಂಪನಿಗಳು ತಮಗಿರುವ ಕಾನೂನಿನ ರಕ್ಷಣೆ ಕಳೆದುಕೊಳ್ಳುತ್ತವೆ. ಇಂಥ ಸೂಚನೆಗಳನ್ನು ಕಳುಹಿಸಲೆಂದು ಕೇಂದ್ರ ಗೃಹ ಸಚಿವಾಲಯ 2024ರಲ್ಲಿ ‘ಸಹಯೋಗ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಹಿಂದೆ ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್ ಕಂಪನಿ ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ನಾಗಪ್ರಸನ್ನ ಅವರು ಅರ್ಜಿಯನ್ನು ವಜಾಗೊಳಿಸಿದರು. 19ನೆಯ ವಿಧಿಯ ಹಕ್ಕು ನಾಗರಿಕರಿಗೆ ಸೇರಿದ್ದು, ವಿದೇಶಿ ಕಂಪನಿ ಅದನ್ನು ಕೋರಲಾಗದು ಎಂಬುದು ಆ ತೀರ್ಪಿನ ಒಂದು ಅಂಶ. ತೀರ್ಪಿನ ಇತರ ಅಂಶಗಳ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಕಂಪನಿ ಮೇಲ್ಮನವಿಯ ದಾರಿಯನ್ನೂ ಹಿಡಿಯಿತು. ಆದರೆ ಈ ಒಂದು ಅಂಶದಿಂದ ನಾವು ಕಲಿಯಬೇಕಾದ ಪಾಠವಿದೆ. ನಮ್ಮ ಸ್ವಾತಂತ್ರ್ಯಕ್ಕಾಗಿ ಯಾವುದೋ ಕಂಪನಿ ಹೋರಾಡುತ್ತದೆಂದು ಕಾಯುವುದು ತಪ್ಪು. ಹಕ್ಕು ನಾಗರಿಕನದ್ದಾದರೆ ಕೇಳಬೇಕಾದವನೂ ನಾಗರಿಕನೇ. ಲಾಭಕ್ಕಾಗಿ ನಡೆಯುವ ಕಂಪನಿಗೆ ನಮ್ಮ ಹೊಳೆಯ ಚಿತ್ರವನ್ನು ಉಳಿಸಿಕೊಳ್ಳುವುದಕ್ಕಿಂತ ಅಳಿಸಿಹಾಕುವುದೇ ಸುಲಭ.

ಇಡೀ ಜಾಲವನ್ನೇ ಕಡಿಯುವುದು ಇನ್ನೊಂದು ಬಗೆ. 2019ರ ಆಗಸ್ಟ್‌ನಲ್ಲಿ ಜಮ್ಮು ಕಾಶ್ಮೀರದಲ್ಲಿ ಅಂತರ್ಜಾಲ ನಿಂತಿತು. 4ಜಿ ಸೇವೆ ಅಲ್ಲಿ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಪತ್ರಕರ್ತೆ ಅನುರಾಧಾ ಭಸೀನ್ ಅವರ ಅರ್ಜಿಯ ಮೇಲೆ 2020ರ ಜನವರಿ 10ರಂದು ಸುಪ್ರೀಂ ಕೋರ್ಟು, ಅಂತರ್ಜಾಲದ ಮೂಲಕ ಮಾತನಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ ರಕ್ಷಣೆಯಿದೆ, ಅನಿರ್ದಿಷ್ಟ ಕಾಲ ಕಡಿಯುವಂತಿಲ್ಲ, ಆದೇಶವನ್ನು ಪ್ರಕಟಿಸಲೇಬೇಕು ಎಂದಿತು. 2023ರಲ್ಲಿ ಮಣಿಪುರದ ಗುಡ್ಡಗಾಡಿನ ಜನ ತಿಂಗಳುಗಟ್ಟಲೆ ಮೊಬೈಲ್ ಅಂತರ್ಜಾಲವಿಲ್ಲದೆ ಇದ್ದರು. ಹಿಂಸೆ ಹರಡದಿರಲೆಂಬುದು ಸರ್ಕಾರ ಕೊಡುವ ಕಾರಣ. ಆದರೆ ಜಾಲ ಕಡಿದಾಗ ವದಂತಿಯ ಜೊತೆಗೆ ಅದನ್ನು ಸುಳ್ಳೆನ್ನುವ ಮಾತೂ, ಸಹಾಯ ಕೇಳುವ ಕೂಗೂ ನಿಲ್ಲುತ್ತವೆ.

ವ್ಯಕ್ತಿಗಳ ಮೇಲೆ ಬೀಳುವ ಭಯ ಮತ್ತೊಂದು ಬಗೆ. 2021ರ ಫೆಬ್ರವರಿ 13ರಂದು ಬೆಂಗಳೂರಿನ 22ರ ಹರೆಯದ ಪರಿಸರ ಕಾರ್ಯಕರ್ತೆ ದಿಶಾ ರವಿಯವರನ್ನು, ರೈತ ಚಳವಳಿಯನ್ನು ಬೆಂಬಲಿಸುವ ಒಂದು ಕೈಪಿಡಿಯನ್ನು ತಿದ್ದಿ ಹಂಚಿದರೆಂಬ ಆರೋಪದ ಮೇಲೆ ದೆಹಲಿ ಪೊಲೀಸರು ಬಂಧಿಸಿದರು. ರಾಜದ್ರೋಹದ ಕಲಮನ್ನೂ ಹಾಕಲಾಗಿತ್ತು. ಹತ್ತು ದಿನಗಳ ನಂತರ ದೆಹಲಿಯ ನ್ಯಾಯಾಲಯ ಜಾಮೀನು ನೀಡಿತು. ಸರ್ಕಾರದ ನೀತಿಯನ್ನು ಒಪ್ಪುವುದಿಲ್ಲ ಎಂಬ ಕಾರಣಕ್ಕೆ ನಾಗರಿಕರನ್ನು ಸೆರೆಯಲ್ಲಿಡಲಾಗದೆಂಬ ಅರ್ಥದ ಮಾತನ್ನೂ ಹೇಳಿತು. ಜಾಮೀನು ಸಿಕ್ಕಿತು, ಸರಿ. ಆದರೆ ಆ ಹತ್ತು ದಿನಗಳಲ್ಲಿ ಎಷ್ಟು ಮನೆಗಳಲ್ಲಿ ತಂದೆತಾಯಿಗಳು ‘ನಿನಗೇಕೆ ಊರ ಉಸಾಬರಿ’ ಎಂದು ಮಕ್ಕಳಿಗೆ ಹೇಳಿರಬಹುದು? ಆದೇಶವಿಲ್ಲದೆ, ನೋಟೀಸಿಲ್ಲದೆ, ನಮ್ಮ ಮನಸ್ಸಿನೊಳಗೇ ಕುಳಿತು ನಡೆಯುವ ಈ ಸೆನ್ಸಾರು ಎಲ್ಲಕ್ಕಿಂತ ಗಟ್ಟಿಯಾದದ್ದು.

ಮುಚ್ಚಿಟ್ಟ ವರದಿ ಮತ್ತು ವದಂತಿ

ಈಗ ನಮ್ಮ ಮನೆಯ ಅಂಗಳಕ್ಕೇ ಬರೋಣ. ಪ್ರೊ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ಆಗಸ್ಟ್ 31ರಂದು ಕೇಂದ್ರಕ್ಕೆ ವರದಿ ಸಲ್ಲಿಸಿತು. ನಮ್ಮ ಬೆಟ್ಟ, ನಮ್ಮ ಹೊಳೆ, ನಮ್ಮ ಗ್ರಾಮಸಭೆಗಳ ಕುರಿತ ವರದಿ ಅದು. ಸಚಿವಾಲಯ ಅದನ್ನು ಪ್ರಕಟಿಸಲಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದ ನಾಗರಿಕರಿಗೆ ನಿರಾಕರಿಸಿತು. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ ಪ್ರಕಟಿಸಿರೆಂದಿತು, ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು, ಅಲ್ಲೂ ಸೋತಿತು. 2012ರ ಮೇ ತಿಂಗಳಲ್ಲಿ ವರದಿ ಜಾಲತಾಣದಲ್ಲಿ ಕಾಣಿಸಿಕೊಂಡಿತು, ಇಂಗ್ಲಿಷಿನಲ್ಲಿ.

ಆಮೇಲೆ ಏನಾಯಿತೆಂಬುದು ನಿಮಗೆಲ್ಲ ಗೊತ್ತು. ವರದಿಯನ್ನು ಓದಿದವರು ಬೆರಳೆಣಿಕೆಯಷ್ಟು, ವರದಿಯ ಬಗ್ಗೆ ಮಾತನಾಡಿದವರು ಊರಿಗೆ ಊರೇ. ದನ ಸಾಕುವಂತಿಲ್ಲವಂತೆ, ಮನೆ ಕಟ್ಟುವಂತಿಲ್ಲವಂತೆ, ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರಂತೆ ಎಂಬ ‘ಅಂತೆ’ಗಳು ಘಟ್ಟದ ಮೇಲೂ ಕೆಳಗೂ ಸುತ್ತಿದವು. 2013ರಲ್ಲಿ ಡಾ. ಕಸ್ತೂರಿರಂಗನ್ ಸಮಿತಿಯ ವರದಿ ಬಂದಾಗ ಅವೇ ಮಾತುಗಳು ಮತ್ತೆ ಹುಟ್ಟಿದವು. ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಸೇರಿಸಿದ ಆರನೆಯ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಹೊರಟಾಗ ವದಂತಿಗಳಿಗೆ ವಾಟ್ಸಾಪಿನ ರೆಕ್ಕೆಯೂ ಇತ್ತು. ವರದಿಯ ಬಗ್ಗೆ ನ್ಯಾಯವಾದ ಆತಂಕಗಳೂ ಇದ್ದವು. ಜಮೀನಿನ ಹಕ್ಕುಪತ್ರವಿಲ್ಲದ ರೈತನ ಭಯ ಸುಳ್ಳಲ್ಲ. ಆದರೆ ಸುಳ್ಳು ಮತ್ತು ನಿಜವಾದ ಭಯ ಎರಡೂ ಬೆರೆತು, ಚರ್ಚೆಯೇ ಅಸಾಧ್ಯವಾಯಿತು.

ನಮ್ಮ ಕಾರ್ಯಕರ್ತರಲ್ಲಿ ಕೆಲವರು ಅಂದು ಹೇಳಿದ್ದುಂಟು: ‘ಇಂಥ ಸುಳ್ಳು ಹರಡುವವರ ಮೇಲೆ ಕೇಸು ಹಾಕಿಸಬೇಕು, ಅವರ ಖಾತೆಗಳನ್ನು ಮುಚ್ಚಿಸಬೇಕು.’ ಆ ಸಿಟ್ಟು ನನಗೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಯೋಚಿಸಿ ನೋಡಿ. ‘ಸುಳ್ಳು’ ಎಂದು ತೀರ್ಮಾನಿಸಿ ಅಳಿಸುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟರೆ, ಮೊದಲು ಅಳಿಯುವುದು ಯಾರ ಮಾತು? ಅಣೆಕಟ್ಟಿನಿಂದ ಇಷ್ಟು ಕಾಡು ಮುಳುಗುತ್ತದೆ ಎಂದು ನಾವು ಹೇಳಿದಾಗ ‘ಅದು ತಪ್ಪು ಮಾಹಿತಿ’ ಎಂದು ಇಲಾಖೆಯೇ ಹೇಳುವುದಿಲ್ಲವೇ? ಕೇಂದ್ರ ಸರ್ಕಾರ ತನ್ನ ವ್ಯವಹಾರದ ಕುರಿತ ಸುದ್ದಿ ನಿಜವೋ ಸುಳ್ಳೋ ಎಂದು ತಾನೇ ನಿರ್ಧರಿಸುವ ‘ಸತ್ಯಶೋಧನಾ ಘಟಕ’ಕ್ಕೆ 2023ರಲ್ಲಿ ನಿಯಮ ಮಾಡಿತ್ತು. ಬಾಂಬೆ ಹೈಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದುಪಡಿಸಿತು. ತನ್ನ ದಾವೆಗೆ ತಾನೇ ನ್ಯಾಯಾಧೀಶನಾಗುವುದು ಹಳ್ಳಿಯ ಪಂಚಾಯಿತಿಕಟ್ಟೆಯಲ್ಲೂ ಸಲ್ಲದು.

ಗಾಡ್ಗೀಳ್ ವರದಿಯ ವಿಷಯದಲ್ಲಿ ವದಂತಿ ಬೆಳೆಯಲು ಕಾರಣ ಮಾತಿನ ಸ್ವಾತಂತ್ರ್ಯ ಹೆಚ್ಚಾದದ್ದಲ್ಲ. ಮಾಹಿತಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟದ್ದು, ಆಮೇಲೂ ಜನರ ಭಾಷೆಯಲ್ಲಿ ಕೊಡದೆಹೋದದ್ದು. ಕತ್ತಲೆಯಲ್ಲಿ ಅಣಬೆ ಬೆಳೆದಂತೆ ಮುಚ್ಚಿಟ್ಟ ಕಡೆ ವದಂತಿ ಬೆಳೆಯುತ್ತದೆ. ವರದಿಯ ಕನ್ನಡ ಸಾರ ಮೊದಲ ತಿಂಗಳಲ್ಲೇ ಪ್ರತಿ ಗ್ರಾಮಸಭೆಯಲ್ಲಿ ಓದಲ್ಪಟ್ಟಿದ್ದರೆ ಇಷ್ಟು ಅನರ್ಥ ಆಗುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಹಾಗೆಂದು ಎಲ್ಲವನ್ನೂ ಹಾಗೆಯೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಬ್ಬ ಹೆಣ್ಣುಮಗಳ ಮಾನ ಕಳೆಯುವ ಚಿತ್ರ, ಒಂದು ಸಮುದಾಯದ ಮೇಲೆ ಹಲ್ಲೆಗೆ ಕರೆ, ಮಕ್ಕಳ ಶೋಷಣೆ ಇಂಥವನ್ನು ತಡವಿಲ್ಲದೆ ತೆಗೆಸಬೇಕು. ನಾವು ಕೇಳುವುದು ಕ್ರಮವನ್ನು. ಆದೇಶ ಬರಹದಲ್ಲಿರಲಿ, ಕಾರಣ ಕಾಣುವಂತಿರಲಿ, ಬರೆದವನಿಗೆ ಹೇಳಿಕೊಳ್ಳಲು ಅವಕಾಶವಿರಲಿ, ಮೇಲ್ಮನವಿಗೆ ದಾರಿಯಿರಲಿ. ಮರ ಕಡಿಯಲು ಸಹ ಅನುಮತಿ ಪತ್ರ ಬೇಕು. ಮಾತು ಕಡಿಯಲು ಬೇಡವೇ?

ನಾವೇನು ಮಾಡಬಹುದು?

ಕೊನೆಯದಾಗಿ ಕೆಲವು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಕಾಗದವನ್ನು ಬಿಡಬೇಡಿ. ನಮ್ಮ ಊರಿಗೆ ಸಂಬಂಧಿಸಿದ ಕರಡು, ವರದಿ, ನಕ್ಷೆ ಯಾವುದು ಜಾಲತಾಣದಲ್ಲಿ ಬಂದರೂ ಅಂದೇ ಇಳಿಸಿಕೊಂಡು, ಮುಖ್ಯ ಪುಟಗಳನ್ನು ಮುದ್ರಿಸಿ, ಒಂದು ಪ್ರತಿಯನ್ನು ಶಾಲೆಯಲ್ಲೋ ಸೊಸೈಟಿಯಲ್ಲೋ ಇಡಿ. ಜಾಲದಿಂದ ಮಾಯವಾದದ್ದು ಕಪಾಟಿನಿಂದ ಮಾಯವಾಗದು.

ಎರಡನೆಯದು ವಿದ್ಯಾರ್ಥಿಗಳ ಕೆಲಸ, ಅನುವಾದ. 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದಾಗ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ಮಾತನಾಡಿದರು. ಸಭೆಯಲ್ಲಿ ಆಡಿದ ಮಾತು ಬಲವಾಗಬೇಕಾದರೆ ವರದಿಯ ಪುಟಸಂಖ್ಯೆ ಸಹಿತ ಮಾತನಾಡಬೇಕು. ನೀವು ಹತ್ತು ಮಂದಿ ತಲಾ ಇಪ್ಪತ್ತು ಪುಟ ಹಂಚಿಕೊಂಡರೆ ಇನ್ನೂರು ಪುಟ ಕನ್ನಡಕ್ಕೆ ಬರುತ್ತದೆ.

ಮೂರನೆಯದು, ಬಾಗಿಲು ಮುಚ್ಚಿದಾಗ ಕೇಳಿ. ಯಾವ ಕಲಮಿನಡಿ, ಯಾರ ಆದೇಶ, ಯಾವ ದಿನಾಂಕ? ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಉತ್ತರ ನಿರಾಕರಣೆಯೇ ಆಗಿದ್ದರೂ ಅದು ದಾಖಲೆ. ಗಾಡ್ಗೀಳ್ ವರದಿ ಹೊರಬಂದದ್ದು ಒಂದು ಅರ್ಜಿಯಿಂದ ಎಂಬುದು ನೆನಪಿರಲಿ.

ನಾಲ್ಕನೆಯದು, ನಮ್ಮ ನಾಲಿಗೆಗೆ ನಾವೇ ಲಗಾಮು ಹಾಕಿಕೊಳ್ಳೋಣ. ನಮ್ಮ ಪರವಾಗಿದೆ ಎಂಬ ಕಾರಣಕ್ಕೆ ಪರಿಶೀಲಿಸದ ಅಂಕಿ, ಎಲ್ಲಿಯದೋ ಭೂಕುಸಿತದ ಚಿತ್ರ, ಯಾರೋ ಅಧಿಕಾರಿಯ ಮನೆಯ ಸುದ್ದಿ ಇವನ್ನು ಮುಂದಕ್ಕೆ ಕಳುಹಿಸಬೇಡಿ. ಒಂದು ಸುಳ್ಳು ಸಾಕು, ನಮ್ಮ ನೂರು ನಿಜಗಳನ್ನು ತಳ್ಳಿಹಾಕಲು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಯೋಜನೆಯ ಪರವಾಗಿ ಮಾತನಾಡುವವನನ್ನು ಹೊರಹಾಕುವ ಅಭ್ಯಾಸವನ್ನೂ ಬಿಡೋಣ. ಟವರು ಬೇಕು, ರಸ್ತೆ ಬೇಕು, ಮಗಳು ಓದಬೇಕು ಎನ್ನುವ ಅಣ್ಣ ನಮ್ಮ ಶತ್ರುವಲ್ಲ. 2020ರಲ್ಲಿ ಆನ್‌ಲೈನ್ ತರಗತಿಗಾಗಿ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ಕುಳಿತದ್ದನ್ನು ಕಂಡವರಿಗೆ ಅವನ ಮಾತಿನ ತೂಕ ತಿಳಿದಿದೆ. ಅವನ ಮಾತಿಗೆ ನಮ್ಮ ನಡುವೆ ಜಾಗವಿಲ್ಲವಾದರೆ, ನಮ್ಮ ಮಾತಿಗೆ ಜಾಗ ಕೊಡಿ ಎಂದು ದೆಹಲಿಯನ್ನು ಕೇಳುವ ನೈತಿಕ ಹಕ್ಕು ನಮಗೆಲ್ಲಿಯದು?

ಮಿತ್ರರೇ, ಹೊಳೆಗೆ ಕಟ್ಟು ಹಾಕುವವರು ಮೊದಲು ಹೊಳೆಯ ಬಗ್ಗೆ ಆಡುವ ಮಾತಿಗೆ ಕಟ್ಟು ಹಾಕುತ್ತಾರೆ. ಎರಡನ್ನೂ ಹರಿಯಬಿಡುವ ಕೆಲಸ ಒಂದೇ. ಆ ಕೆಲಸಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಓದುವ ತಾಳ್ಮೆ, ಕೇಳುವ ಧೈರ್ಯ, ನಿಜವನ್ನಷ್ಟೇ ಹೇಳುವ ನಿಷ್ಠೆ ಸಾಕು. ಮುಂದಿನ ಗ್ರಾಮಸಭೆಯ ದಿನಾಂಕವನ್ನು ವಿಚಾರಿಸಿಕೊಂಡು ಮನೆಗೆ ಹೋಗಿ. ಅಲ್ಲಿಂದಲೇ ಆರಂಭಿಸೋಣ.